ಕೆಟ್ಟ ಸಿಬಿಲ್ ಸ್ಕೋರ್: ಯಾರಿಗೂ ದುಡ್ಡು ಕೊಡದೆ ನಾವೇ ಸರಿಮಾಡಿಕೊಳ್ಳುವುದು ಹೇಗೆ?

ಹಣಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ 'ನಿಮ್ಮ ಸಿಬಿಲ್ (ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಎಂಬುದಕ್ಕೆ ಕೊಡುವ ಅಂಕ) ಸರಿ ಇಲ್ಲ' ಎಂದು ಹೇಳಿ ಅರ್ಜಿ ವಾಪಸ್ ಕೊಟ್ಟಾಗ ಅದಕ್ಕೆ ಕಾರಣ ಏನೆಂದು ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಸಲದ ಪತ್ರಗಳೆಲ್ಲ ಆ ಬೇಸರದಿಂದ ಬಂದವು. ಹೆಸರುಗಳನ್ನು ಬಿಟ್ಟು ಪ್ರಶ್ನೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಸ್ಕೋರ್ 591. 2021ರಲ್ಲಿ ಕೆಲಸ ಹೋದಾಗ ಒಂದು ಕ್ರೆಡಿಟ್ ಕಾರ್ಡಿನಲ್ಲಿ 84,000 ರೂಪಾಯಿ ಬಾಕಿ ಉಳಿದಿತ್ತು. 40,000ಕ್ಕೆ ಸೆಟಲ್‌ಮೆಂಟ್ ಮಾಡಿಕೊಂಡೆ. ಫೋನ್ ಕೊಳ್ಳಲು ತೆಗೆದ ಸಾಲದ ಕೊನೆಯ ಎರಡು ಕಂತು ಕಟ್ಟದೆ ಹಾಗೇ ಇದೆ. ಇನ್ನೊಂದು ಕಾರ್ಡಿನಲ್ಲಿ 60,000 ಲಿಮಿಟ್ ಇದ್ದು 55,000 ಬಳಸಿದ್ದೇನೆ. ಪ್ರತಿ ತಿಂಗಳೂ ಮಿನಿಮಂ ಡ್ಯೂ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ತಪ್ಪದೆ ಕಟ್ಟುತ್ತೇನೆ. ಎರಡು ವರ್ಷದೊಳಗೆ ಮನೆ ಸಾಲ ತೆಗೆಯಬೇಕು. ಎಲ್ಲಿಂದ ಶುರು ಮಾಡಲಿ?
— ಖಾಸಗಿ ಕಂಪನಿ ನೌಕರ, ದಾವಣಗೆರೆ

ಉತ್ತರ: ಸ್ಕೋರನ್ನು ಸದ್ಯಕ್ಕೆ ಮರೆತು ಕ್ರೆಡಿಟ್ ವರದಿ, ಅಂದರೆ ನಿಮ್ಮ ಎಲ್ಲ ಸಾಲಗಳ ದಾಖಲೆ, ತರಿಸಿ ನೋಡಿ. ಸ್ಕೋರ್ ಎನ್ನುವುದು 300ರಿಂದ 900ರವರೆಗಿನ ಒಂದು ಸಂಖ್ಯೆ ಅಷ್ಟೆ. ಅದು ಹುಟ್ಟುವುದು ವರದಿಯಲ್ಲಿರುವ ಸಾಲುಗಳಿಂದ. ನೀವು ಸರಿಮಾಡಬಹುದಾದದ್ದು ಆ ಸಾಲುಗಳನ್ನು. ನಮ್ಮ ದೇಶದಲ್ಲಿ ಇಂಥ ವರದಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆಯಾ ಕಂಪನಿಯ ವೆಬ್‌ಸೈಟಿಗೇ ಹೋಗಿ ಪಾನ್ ನಂಬರ್, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಸಿಗುತ್ತದೆ. ನಾಲ್ಕನ್ನೂ ತರಿಸಿ. ಒಂದರಲ್ಲಿರುವ ತಪ್ಪು ಇನ್ನೊಂದರಲ್ಲಿ ಇಲ್ಲದಿರಬಹುದು.

ವರದಿಯಲ್ಲಿ ಪ್ರತಿ ಸಾಲಕ್ಕೂ ಒಂದು ಭಾಗ ಇರುತ್ತದೆ. ಅದರ ಕೆಳಗೆ ತಿಂಗಳವಾರು ಮನೆಗಳ ಸಾಲು. ಕಂತು ಎಷ್ಟು ದಿನ ತಡವಾಯಿತು ಎಂಬುದನ್ನು ಅಲ್ಲಿ ಬರೆದಿರುತ್ತಾರೆ. 000 ಅಂದರೆ ಹೊತ್ತಿಗೆ ಕಟ್ಟಿದ್ದೀರಿ. 030 ಅಂದರೆ ಮೂವತ್ತು ದಿನದ ಸುಸ್ತಿ (ಗಡುವು ಮೀರಿದ ಬಾಕಿ). ಎಕ್ಸ್‌ಎಕ್ಸ್‌ಎಕ್ಸ್ ಅಂದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕ್ ಕಳಿಸಿಲ್ಲ, ಅದಕ್ಕೆ ಹೆದರಬೇಕಿಲ್ಲ. 90 ದಾಟಿದರೆ ಸಾಲ ಎನ್‌ಪಿಎ (ಮರುಪಾವತಿ ನಿಂತುಹೋದ ಸಾಲ) ಆಗುತ್ತದೆ. ಪೆಟ್ಟು ಹೆಚ್ಚು ಬೀಳುವುದು ಅಲ್ಲಿ. ಒಂದು ಹಾಳೆ ತೆಗೆದುಕೊಂಡು ಪ್ರತಿ ಸಾಲಕ್ಕೂ ಈಗಿನ ಬಾಕಿ, ಸುಸ್ತಿ ಮೊತ್ತ, ಸ್ಥಿತಿ, ಕೊನೆಯ ಸಲ ವರದಿಯಾದ ತಾರೀಕು ಬರೆದುಕೊಳ್ಳಿ.

ನಿಮ್ಮ ವಿಷಯದಲ್ಲಿ ಮೊದಲು ತೀರಬೇಕಾದ್ದು ಫೋನಿನ ಸಾಲ. ಮೊತ್ತ ಚಿಕ್ಕದು ಎಂದು ಬಹಳ ಜನ ಇದನ್ನು ಕೊನೆಗೆ ತಳ್ಳುತ್ತಾರೆ. ಆದರೆ ಕಟ್ಟುವವರೆಗೂ ತಿಂಗಳು ತಿಂಗಳೂ ಹೊಸ ಸುಸ್ತಿಯಾಗಿ ಅದು ದಾಖಲಾಗುತ್ತಲೇ ಇರುತ್ತದೆ. ಹಳೆಯ ತಪ್ಪಿಗಿಂತ ಈಗ ನಡೆಯುತ್ತಿರುವ ತಪ್ಪಿಗೆ ಹೊಡೆತ ಹೆಚ್ಚು. ಕಂಪನಿಯ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಬಾಕಿಯ ಪೂರ್ತಿ ಲೆಕ್ಕ ಕೇಳಿ. ಎರಡು ಕಂತಿನ ಜೊತೆ ದಂಡ, ಬೌನ್ಸ್ ಶುಲ್ಕವೂ ಸೇರಿರುತ್ತದೆ. ಕಂತು ಮಾತ್ರ ಕಟ್ಟಿ 300 ರೂಪಾಯಿ ಶುಲ್ಕ ಬಿಟ್ಟರೂ ಖಾತೆ ಮುಚ್ಚುವುದಿಲ್ಲ. ಶುಲ್ಕ ಮನ್ನಾ ಮಾಡಿ ಎಂದು ಕೇಳಬಹುದು, ಒಪ್ಪಿದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ದುಡ್ಡು ಕಂಪನಿಯ ಸಾಲದ ಖಾತೆಗೇ ಹೋಗಬೇಕು. ವಸೂಲಿಗೆ ಬಂದವರ ಸ್ವಂತ ಯುಪಿಐ ನಂಬರಿಗೆ ಹಾಕಲೇಬೇಡಿ. ಕಟ್ಟಿದ ಮೇಲೆ ನೋ ಡ್ಯೂಸ್ ಸರ್ಟಿಫಿಕೇಟ್ (ಬಾಕಿ ಇಲ್ಲ ಎಂಬ ಪತ್ರ) ತೆಗೆದುಕೊಳ್ಳಿ.

ಎರಡನೆಯದು ಈಗ ಬಳಸುತ್ತಿರುವ ಕಾರ್ಡ್. ಮಿನಿಮಂ ಡ್ಯೂ ಕಟ್ಟುವುದರಿಂದ ಸುಸ್ತಿ ಬೀಳುವುದಿಲ್ಲ ನಿಜ, ಆದರೆ ಸಾಲವೂ ಕರಗುವುದಿಲ್ಲ. ಲೆಕ್ಕ ನೋಡಿ: ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 55,000ಕ್ಕೆ 1,925 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 2,270. ಮಿನಿಮಂ ಶೇ 5 ಎಂದು ಹಿಡಿದರೆ ನೀವು ಕಟ್ಟುವುದು 2,750. ಅಸಲಿಗೆ ಹೋದದ್ದು 480 ರೂಪಾಯಿ ಮಾತ್ರ. ಸ್ಕೋರಿನ ಕಡೆಯಿಂದ ನೋಡಿದರೂ 60,000 ಲಿಮಿಟ್‌ನಲ್ಲಿ 55,000 ಬಳಕೆ ಎಂದರೆ ಶೇ 92. ಸಾಲ ಕೊಡುವವರ ಕಣ್ಣಿಗೆ ಇದು ದುಡ್ಡಿನ ಇಕ್ಕಟ್ಟಿನಲ್ಲಿರುವವರ ಲಕ್ಷಣ. ಇದನ್ನು ಶೇ 30ರೊಳಗೆ, ಅಂದರೆ 18,000ಕ್ಕಿಂತ ಕೆಳಗೆ ತರಬೇಕು. ಕಾರ್ಡನ್ನು ಡ್ರಾಯರಿನಲ್ಲಿಟ್ಟು ಖರ್ಚು ಪೂರ್ತಿ ನಿಲ್ಲಿಸಿ. ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಶುರು. ಕಾರ್ಡ್ ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತುಗಳಾಗಿ ಬದಲಾಯಿಸಲು ಕೇಳಿ, ಬಡ್ಡಿ ಗಣನೀಯವಾಗಿ ಇಳಿಯುತ್ತದೆ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ, ಅದರಿಂದ ಕಾರ್ಡ್ ತೀರಿಸುವುದು ಲೆಕ್ಕಕ್ಕೆ ಸರಿ. ಆದರೆ ಖಾಲಿಯಾದ ಕಾರ್ಡನ್ನು ಮತ್ತೆ ತುಂಬಿಸಿಕೊಂಡರೆ ಎರಡು ಸಾಲ ತಲೆಗೆ ಬೀಳುತ್ತವೆ. ಬಹಳ ಮನೆಗಳಲ್ಲಿ ಆಗುವುದು ಅದೇ. ಆ ಭಯ ಇದ್ದರೆ ಲಿಮಿಟ್ ಮುಟ್ಟದಂತೆ ಆ್ಯಪ್‌ನಲ್ಲೇ ಖರ್ಚಿನ ಮಿತಿ ಇಳಿಸಿಡಿ. ಕಾರ್ಡನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಒಟ್ಟು ಲಿಮಿಟ್ ಕಡಿಮೆಯಾಗಿ ಬಳಕೆಯ ಪ್ರಮಾಣ ಏರುತ್ತದೆ.

ಇನ್ನು ಸೆಟಲ್‌ಮೆಂಟ್. 84,000ಕ್ಕೆ 40,000 ಕಟ್ಟಿ ಮುಗಿಯಿತು ಎಂದು ನೀವು ತಿಳಿದಿರಿ, ವರದಿಯಲ್ಲಿ ಅದು 'ಸೆಟಲ್ಡ್' ಎಂದು ಕೂತಿದೆ. ಓದುವವರಿಗೆ ಅದರ ಅರ್ಥ ಇಷ್ಟೆ: ಇವರು ಪೂರ್ತಿ ಕಟ್ಟಲಿಲ್ಲ. ಮನೆ ಸಾಲದ ಅಧಿಕಾರಿ ಸ್ಕೋರ್ 750 ಇದ್ದರೂ ಈ ಪದದ ಮುಂದೆ ನಿಲ್ಲುತ್ತಾರೆ. ಹಣ ಇಲ್ಲದ ಕಾಲದಲ್ಲಿ ಸೆಟಲ್‌ಮೆಂಟ್ ಅನಿವಾರ್ಯವಾಗಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಸಹಿ ಹಾಕುವ ಮುಂಚೆ ಈ ಪರಿಣಾಮವನ್ನು ಬ್ಯಾಂಕಿನವರು ಎದುರು ಕೂರಿಸಿ ಹೇಳಬೇಕಿತ್ತು ಎಂಬುದು ನಮ್ಮ ಬಲವಾದ ಅಭಿಪ್ರಾಯ. ಈಗ ದಾರಿ ಎಂದರೆ ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಿ 'ಕ್ಲೋಸ್ಡ್' ಮಾಡಿಸುವುದು. ಬ್ಯಾಂಕಿನ ದೂರು ವಿಭಾಗಕ್ಕೆ ಹೀಗೆ ಬರೆಯಿರಿ:

'ಮೇಲ್ಕಂಡ ಸಂಖ್ಯೆಯ ಕಾರ್ಡ್ ಖಾತೆ 2021ರಲ್ಲಿ ಸೆಟಲ್‌ಮೆಂಟ್ ಆಗಿದೆ. ಆಗ ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಲು ನಾನು ಸಿದ್ಧನಿದ್ದೇನೆ. ಕಟ್ಟಬೇಕಾದ ನಿಖರ ಮೊತ್ತವನ್ನೂ ಖಾತೆಯ ವಿವರವನ್ನೂ ತಿಳಿಸಿ. ಕಟ್ಟಿದ ಮೇಲೆ ಖಾತೆಯನ್ನು ಕ್ಲೋಸ್ಡ್ ಎಂದು ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ವರದಿ ಮಾಡುವುದಾಗಿ ಲಿಖಿತ ಉತ್ತರ ಕೊಡಿ.'

ಆ ಲಿಖಿತ ಉತ್ತರ ಕೈಗೆ ಬರುವ ಮುಂಚೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಸಾಲವನ್ನು ಆಸ್ತಿ ಪುನರ್‌ನಿರ್ಮಾಣ ಕಂಪನಿಗೆ (ಬ್ಯಾಂಕುಗಳ ವಸೂಲಾಗದ ಸಾಲ ಕೊಳ್ಳುವ ಸಂಸ್ಥೆ) ಮಾರಿದ್ದರೆ ವರದಿಯಲ್ಲಿ ಆ ಕಂಪನಿಯ ಹೆಸರಿರುತ್ತದೆ. ಆಗ ಬರೆಯಬೇಕಾದ್ದು ಅವರಿಗೆ. 'ರಿಟನ್ ಆಫ್' ಎಂದಿರುವ ಸಾಲಕ್ಕೂ ಇದೇ ಕ್ರಮ. ಅದು ಬ್ಯಾಂಕಿನ ಪುಸ್ತಕದ ಲೆಕ್ಕ, ನಿಮ್ಮ ಸಾಲ ಮನ್ನಾ ಆಗಿದೆ ಎಂದು ಅದರ ಅರ್ಥವಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ಈಗ ಬಳಸುತ್ತಿರುವ ಕಾರ್ಡಿನ ಬಾಕಿ ಇಳಿಸಿ, ಸೆಟಲ್‌ಮೆಂಟ್ ಆದ ಖಾತೆಯದನ್ನು ಮನೆ ಸಾಲದ ಅರ್ಜಿಗೆ ಆರು ತಿಂಗಳು ಮುಂಚೆ ಮುಗಿಸಿದರೂ ಸಾಕು. ಹಳೆಯ ಸುಸ್ತಿಯ ತಿಂಗಳುಗಳು ಮಾತ್ರ ಅಳಿಸುವುದಿಲ್ಲ. ಹೊಸ 000ಗಳು ಸೇರುತ್ತಾ ಹೋದಂತೆ ಅವುಗಳ ತೂಕ ತಗ್ಗುತ್ತದೆ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು, ಹಾಗಾಗಿ ಕಾರ್ಡಿನ ಬಾಕಿ ಇಳಿಸಿದ ಫಲ ಒಂದೆರಡು ತಿಂಗಳಲ್ಲೇ ಕಾಣುತ್ತದೆ. ಸುಸ್ತಿಯ ಗಾಯಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ನಿಮಗಿರುವ ಎರಡು ವರ್ಷ ಸಾಕು, ಆದರೆ ನಡುವೆ ಒಂದು ಕಂತೂ ತಪ್ಪಬಾರದು. ಸಂಬಳ 5ನೇ ತಾರೀಕು ಬರುವವರ ಕಂತು 3ಕ್ಕೆ ಕಡಿತವಾಗುವಂತಿದ್ದರೆ ತಾರೀಕು ಬದಲಿಸಿಕೊಡಿ ಎಂದು ಇಂದೇ ಅರ್ಜಿ ಕೊಡಿ. ಕಂತಿನ ಹಿಂದಿನ ದಿನ ಸಂಜೆಯೊಳಗೆ ಖಾತೆಯಲ್ಲಿ ಹಣ ಇರಬೇಕು. ಆಟೋ ಡೆಬಿಟ್ ಬೆಳಗಿನ ಜಾವವೇ ಬಂದು ಬೌನ್ಸ್ ಆಗಿ, ಮಧ್ಯಾಹ್ನ ಹಣ ಹಾಕಿದವರು ಶುಲ್ಕ ತೆತ್ತಿದ್ದಾರೆ.

ಪ್ರಶ್ನೆ: ಒಬ್ಬ ಏಜೆಂಟ್ 18,000 ಕೊಟ್ಟರೆ ಒಂದು ತಿಂಗಳಲ್ಲಿ ಸ್ಕೋರ್ 750 ಮಾಡಿಸುತ್ತೇನೆ ಎನ್ನುತ್ತಾನೆ. ನಂಬಬಹುದೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಕೊಡಬೇಡಿ. ಸರಿಯಾಗಿರುವ ಮಾಹಿತಿಯನ್ನು ವರದಿಯಿಂದ ತೆಗೆಸುವ ಅಧಿಕಾರ ಯಾರಿಗೂ ಇಲ್ಲ, ಸಿಬಿಲ್‌ಗೂ ಇಲ್ಲ. ಬದಲಾವಣೆ ಬರಬೇಕಾದ್ದು ಸಾಲ ಕೊಟ್ಟ ಬ್ಯಾಂಕಿನಿಂದ. ತಪ್ಪು ಮಾಹಿತಿಯಾದರೆ ಅದನ್ನು ತಿದ್ದಿಸುವುದು ಉಚಿತ. ಇಂಥವರು ಮಾಡುವುದು ನಿಮ್ಮ ಪಾನ್, ಆಧಾರ್, ಒಟಿಪಿ ಪಡೆದು ಎಲ್ಲ ಸಾಲದ ಮೇಲೂ ಒಟ್ಟಿಗೆ ತಕರಾರು ಹಾಕುವುದು. ಬ್ಯಾಂಕ್ 'ಮಾಹಿತಿ ಸರಿ ಇದೆ' ಎಂದ ಕೂಡಲೇ ಅದು ಬಿದ್ದುಹೋಗುತ್ತದೆ. ಅಷ್ಟರಲ್ಲಿ ಹಣವೂ ದಾಖಲೆಗಳೂ ಅವನ ಕೈಯಲ್ಲಿರುತ್ತವೆ. ಈಗಾಗಲೇ ಪಾನ್, ಆಧಾರ್ ಕೊಟ್ಟಿದ್ದರೆ ಮುಂದಿನ ಆರು ತಿಂಗಳು ವರದಿಯಲ್ಲಿ ಹೊಸ ವಿಚಾರಣೆ (ಸಾಲದ ಅರ್ಜಿ ಬಂದಾಗ ಬ್ಯಾಂಕ್ ನಿಮ್ಮ ವರದಿ ನೋಡಿದ ದಾಖಲೆ) ಬಿದ್ದಿದೆಯೇ ಎಂದು ನೋಡುತ್ತಿರಿ.

ಪ್ರಶ್ನೆ: ನಾನು ತೆಗೆಯದ 1.2 ಲಕ್ಷದ ವೈಯಕ್ತಿಕ ಸಾಲ ನನ್ನ ವರದಿಯಲ್ಲಿದೆ. ನನ್ನದೇ ಒಂದು ಬೈಕ್ ಸಾಲ ತೀರಿ ವರ್ಷವಾದರೂ ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿದೆ. ಶಾಖೆಯಲ್ಲಿ 'ನಮ್ಮ ಸಿಸ್ಟಂನಲ್ಲಿ ಸರಿ ಇದೆ, ಸಿಬಿಲ್ ಕೇಳಿ' ಎನ್ನುತ್ತಾರೆ. ಸಿಬಿಲ್‌ನವರು ಬ್ಯಾಂಕ್ ಕೇಳಿ ಎನ್ನುತ್ತಾರೆ.
— ಓದುಗ, ಬಳ್ಳಾರಿ

ಉತ್ತರ: ಹೀಗೆ ಅಲ್ಲಿಂದಿಲ್ಲಿಗೆ ಅಲೆಸುವುದಕ್ಕೆ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿದೆ. ದೂರು ಎಲ್ಲೇ ಕೊಟ್ಟರೂ 30 ದಿನದಲ್ಲಿ ಬಗೆಹರಿಯಬೇಕು. ಅದರಲ್ಲಿ ಬ್ಯಾಂಕಿಗೆ 21 ದಿನ, ಉಳಿದದ್ದು ವರದಿ ಕಂಪನಿಗೆ. ದಾಟಿದರೆ ತಡ ಮಾಡಿದವರು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ ಜಾರಿಯಾದದ್ದು 2024ರ ಏಪ್ರಿಲ್‌ನಲ್ಲಿ. ಬಾಯಿ ಮಾತಿನ ದೂರಿಗೆ ಲೆಕ್ಕ ಶುರುವಾಗುವುದಿಲ್ಲ. ಹಾಗಾಗಿ ವೆಬ್‌ಸೈಟಿನಲ್ಲಿ ತಕರಾರು ದಾಖಲಿಸಿ ಸಂಖ್ಯೆ ಪಡೆಯಿರಿ, ಅದೇ ದಿನ ಬ್ಯಾಂಕಿಗೂ ಇಮೇಲ್ ಮಾಡಿ.

ಬೈಕ್ ಸಾಲಕ್ಕೆ ನೋ ಡ್ಯೂಸ್ ಸರ್ಟಿಫಿಕೇಟ್, ಕೊನೆಯ ಕಂತಿನ ರಸೀದಿ ಲಗತ್ತಿಸಿ. ವರದಿಯ ಕಂಟ್ರೋಲ್ ನಂಬರನ್ನೂ ಬರೆಯಿರಿ, ಯಾವ ಪ್ರತಿಯ ಮಾತು ಎಂಬುದು ಅದರಿಂದ ಗೊತ್ತಾಗುತ್ತದೆ. ನಿಮ್ಮದಲ್ಲದ ಸಾಲಕ್ಕೆ ಕಾರಣ ಎರಡಿರಬಹುದು. ಒಂದೇ ಹೆಸರು, ಒಂದೇ ಹುಟ್ಟಿದ ದಿನದವರ ಮಾಹಿತಿ ಕಲೆಸಿಹೋಗಿರಬಹುದು. ಅಥವಾ ನಿಮ್ಮ ಪಾನ್ ಬಳಸಿ ಯಾರೋ ಸಾಲ ಎತ್ತಿರಬಹುದು. ವ್ಯತ್ಯಾಸ ತಿಳಿಯಲು ಆ ಸಾಲದ ಅರ್ಜಿ, ಫೋಟೊ, ಹಣ ಹೋದ ಬ್ಯಾಂಕ್ ಖಾತೆಯ ವಿವರ ಕೊಡಿ ಎಂದು ಸಾಲ ಕೊಟ್ಟ ಸಂಸ್ಥೆಯನ್ನು ಕೇಳಿ. ಹಣ ನಿಮ್ಮ ಖಾತೆಗೆ ಬಂದಿಲ್ಲ ಎಂಬುದಕ್ಕೆ ಆ ತಿಂಗಳ ಸ್ಟೇಟ್‌ಮೆಂಟ್ ಸೇರಿಸಿ. ವಂಚನೆ ಎಂದು ಖಚಿತವಾದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಠಾಣೆಯ ದೂರಿನ ಪ್ರತಿಯನ್ನೂ ಕಳಿಸಿ. ಇದು ಬಗೆಹರಿಯುವವರೆಗೆ 'ಸುಮ್ಮನೆ ಕಟ್ಟಿ ಮುಗಿಸೋಣ' ಎಂದು ಒಂದು ಕಂತನ್ನೂ ಕಟ್ಟಬೇಡಿ, ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತಾಗುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಅದರ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಸಹಾಯಕ್ಕೆ 14448 ಇದೆ. ವರದಿ ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು.

ಪ್ರಶ್ನೆ: ಪದೇ ಪದೇ ಸ್ಕೋರ್ ನೋಡಿದರೆ ಕಡಿಮೆಯಾಗುತ್ತದೆಯಂತೆ, ನಿಜವೇ? ಎರಡು ಆ್ಯಪ್‌ನಲ್ಲಿ ಎರಡು ಸ್ಕೋರ್ ಏಕೆ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ನೀವೇ ನೋಡಿಕೊಂಡರೆ ಏನೂ ಆಗುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ನೋಡುವುದು ಮಾತ್ರ ವಿಚಾರಣೆಯಾಗಿ ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದರೆ ಐದು ವಿಚಾರಣೆ. ಒಂದು ಕಡೆ ತಿರಸ್ಕಾರವಾದರೆ ಕಾರಣ ಕೇಳಿ ತಿಳಿಯುವವರೆಗೆ ಇನ್ನೊಂದು ಕಡೆ ಹೋಗಬೇಡಿ. ಸ್ಕೋರ್ ಬೇರೆ ಬೇರೆ ಬರುವುದು ಒಂದು ಆ್ಯಪ್ ಸಿಬಿಲ್‌ನದನ್ನೂ ಇನ್ನೊಂದು ಎಕ್ಸ್‌ಪೀರಿಯನ್‌ನದನ್ನೂ ತೋರಿಸುವುದರಿಂದ.

ಪ್ರಶ್ನೆ: ಎಲ್ಲ ಹಳೆಯ ಬಾಕಿ ತೀರಿಸಿದ್ದೇನೆ. ಈಗ ಯಾವ ಸಾಲವೂ ಇಲ್ಲ, ಯಾರೂ ಕಾರ್ಡ್ ಕೊಡುತ್ತಿಲ್ಲ. ಸ್ಕೋರ್ ಏರುವುದು ಹೇಗೆ?
— ಗ್ಯಾರೇಜ್ ಮಾಲೀಕ, ಶಿವಮೊಗ್ಗ

ಉತ್ತರ: ಹೊಸ 000 ಬೀಳಲು ಚಾಲ್ತಿಯಲ್ಲಿರುವ ಒಂದು ಖಾತೆ ಬೇಕು. ಅದಕ್ಕೆ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್ ಒಳ್ಳೆಯದು. ಠೇವಣಿಯೇ ಭದ್ರತೆಯಾದ್ದರಿಂದ ಸ್ಕೋರ್ ಕಡಿಮೆ ಇದ್ದರೂ ಕೊಡುತ್ತಾರೆ. ಉದಾಹರಣೆಗೆ 25,000 ಇಟ್ಟರೆ 20,000 ಆಸುಪಾಸಿನ ಲಿಮಿಟ್ ಸಿಗುತ್ತದೆ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ತೆಗೆದುಕೊಳ್ಳುವ ಮುಂಚೆ ಎರಡು ಕೇಳಿ: ಇದು ನಾಲ್ಕೂ ಕಂಪನಿಗೆ ವರದಿಯಾಗುತ್ತದೆಯೇ, ವಾರ್ಷಿಕ ಶುಲ್ಕ ಎಷ್ಟು.

ಬಳಸುವ ರೀತಿ ಹೀಗೆ. ತಿಂಗಳಿಗೆ ಮೂರು ನಾಲ್ಕು ಸಾವಿರ, ಅದೂ ಹೇಗೂ ಮಾಡಲೇಬೇಕಾದ ಖರ್ಚಿಗೆ: ಪೆಟ್ರೋಲ್, ವಿದ್ಯುತ್ ಬಿಲ್. ಬ್ಯಾಂಕ್ ವರದಿ ಮಾಡುವುದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ದಿನದ ಬಾಕಿಯನ್ನು. ಒಂದು ತಿಂಗಳು ಬಿಡಿಭಾಗಕ್ಕೆ 12,000 ಖರ್ಚಾಯಿತು ಎನ್ನಿ. ಸ್ಟೇಟ್‌ಮೆಂಟ್ 12ಕ್ಕೆ ಬರುವುದಾದರೆ 9ಕ್ಕೇ 8,000 ಕಟ್ಟಿಬಿಡಿ, ವರದಿಯಲ್ಲಿ 4,000 ಮಾತ್ರ ಕಾಣುತ್ತದೆ. ಉಳಿದದ್ದನ್ನು ಗಡುವಿಗೆ ಮೂರು ದಿನ ಮುಂಚೆ ಪೂರ್ತಿ ಕಟ್ಟಿ. ಪೂರ್ತಿ ಮೊತ್ತಕ್ಕೆ ಆಟೋ ಪೇ ಹಾಕಿಸಿ; ಎಷ್ಟೋ ಕಡೆ ಫಾರ್ಮಿನಲ್ಲಿ 'ಮಿನಿಮಂ' ಎಂದೇ ಟಿಕ್ ಆಗಿರುತ್ತದೆ, ನೋಡಿಕೊಳ್ಳಿ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಸುಸ್ತಿ ಎಂದು ವರದಿ ಮಾಡಬೇಕೆಂಬ ನಿಯಮವಿದೆ. ಅದನ್ನು ಆಪತ್ತಿಗೆ ಇಟ್ಟುಕೊಳ್ಳಿ, ಅಭ್ಯಾಸ ಮಾಡಿಕೊಳ್ಳಬೇಡಿ. ಎಟಿಎಂನಲ್ಲಿ ಈ ಕಾರ್ಡಿನಿಂದ ನಗದು ತೆಗೆಯಲೇಬೇಡಿ.

ಚೀಟಿ ಕಟ್ಟಿದ್ದು, ಕೈಸಾಲ ತೀರಿಸಿದ್ದು ಈ ವರದಿಗಳಿಗೆ ಬರುವುದಿಲ್ಲ. ಸ್ಕೋರ್ ಏರಲಿ ಎಂದು ಆ್ಯಪ್‌ಗಳಲ್ಲಿ ಐದು ಸಾವಿರ, ಹತ್ತು ಸಾವಿರದ ಸಾಲ ಎತ್ತುವುದು ತಿರುಗಿ ಹೊಡೆಯುತ್ತದೆ, ಪ್ರತಿಯೊಂದೂ ಬೇರೆ ಸಾಲವೆಂದು ದಾಖಲಾಗುತ್ತದೆ.

ಪ್ರಶ್ನೆ: ಮಹಿಳಾ ಗುಂಪಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ ತೆಗೆದಿದ್ದೆ. ವಾರ ವಾರ ಕಟ್ಟಿದ್ದೇನೆ. ಈಗ ಹಸುವಿನ ಸಾಲಕ್ಕೆ ಹೋದರೆ ಕಂತು ಬಾಕಿ ಇದೆ ಎನ್ನುತ್ತಾರೆ.
— ಗೃಹಿಣಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಸಾಲದ ಕಾರ್ಡ್ ತೆಗೆದು ನೋಡಿ. ಪ್ರತಿ ಕಂತಿನ ಎದುರು ವಸೂಲಿಗೆ ಬಂದವರ ಸಹಿ ಇದೆಯೇ? ಎಷ್ಟೋ ಸಲ ಹಣ ಕೇಂದ್ರದ ಮುಖ್ಯಸ್ಥೆಯ ಕೈಗೆ ಕೊಟ್ಟಿರುತ್ತೀರಿ, ಅದು ಖಾತೆಗೆ ಜಮೆ ಆಗಿರುವುದಿಲ್ಲ. ಕಾರ್ಡಿನ ಪ್ರತಿ ಹಾಗೂ ಖಾತೆಯ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟರೆ ಯಾವ ವಾರ ತಪ್ಪಿದೆ ಎಂದು ಸಿಕ್ಕಿಬೀಳುತ್ತದೆ. ಕಾರ್ಡ್ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಅದು ನಿಯಮ. ಮೈಕ್ರೋ ಫೈನಾನ್ಸ್ ಸಾಲದ ಮಾಹಿತಿಗೆ ಕ್ರಿಫ್ ಹೈ ಮಾರ್ಕ್ ವರದಿಯನ್ನು ತಪ್ಪದೆ ತರಿಸಿ. ಗುಂಪಿನ ಇನ್ನೊಬ್ಬರ ಕಂತನ್ನು ನಿಮ್ಮ ಕಂತಿನ ಹಣದಿಂದ ತುಂಬಿಸಿಕೊಂಡಿದ್ದರೆ ಅದನ್ನೂ ಲಿಖಿತ ದೂರಿನಲ್ಲಿ ಬರೆಯಿರಿ. ಇನ್ನು ಮುಂದೆ ಕಂತು ಕೊಟ್ಟ ಕೂಡಲೇ ಸಹಿ ಹಾಕಿಸದೆ ಎದ್ದು ಬರಬೇಡಿ. ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋ ಫೈನಾನ್ಸ್ ಸಾಲ ಕೊಡುವಂತಿಲ್ಲ. ನಾಲ್ಕನೆಯ ಸಾಲ ಕೊಡಲು ಮನೆಬಾಗಿಲಿಗೆ ಬಂದವರಿಗೆ ಇದನ್ನು ನೆನಪಿಸಿ.

ಪ್ರಶ್ನೆ: ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಂತು ನಿಲ್ಲಿಸಿದ್ದಾರೆ. ನನ್ನ ಸ್ಕೋರ್ 760ರಿಂದ ಬಿದ್ದಿದೆ. ಮನೆಯಲ್ಲಿ ಮಾತು ಕೆಡುತ್ತದೆ ಎಂದು ಸುಮ್ಮನಿದ್ದೇನೆ.
— ಶಿಕ್ಷಕಿ, ಹಾಸನ

ಉತ್ತರ: ಸುಮ್ಮನಿರುವ ಪ್ರತಿ ತಿಂಗಳೂ ನಿಮ್ಮ ವರದಿಗೇ ಹೊರೆ. ಕಾನೂನಿನ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ಬ್ಯಾಂಕ್ ನೇರವಾಗಿ ನಿಮ್ಮನ್ನೇ ಕೇಳಬಹುದು. ಶಾಖೆಗೆ ಹೋಗಿ ಮೂರು ವಿಷಯ ಲಿಖಿತವಾಗಿ ಕೇಳಿ: ಸುಸ್ತಿ ಎಷ್ಟು, ಎಷ್ಟು ದಿನದ್ದು, ಕಂತಿನ ಸಂದೇಶ ನಿಮ್ಮ ಮೊಬೈಲಿಗೂ ಬರುವಂತೆ ಮಾಡಬಹುದೇ. ಟ್ರ್ಯಾಕ್ಟರ್ ಕಂತು ಬೆಳೆಯ ಹಂಗಾಮಿಗೆ ಹೊಂದಿಕೊಂಡಿದ್ದರೆ ಆರು ತಿಂಗಳಿಗೊಮ್ಮೆ ದೊಡ್ಡ ಮೊತ್ತ ಬೀಳುತ್ತದೆ, ಆದ್ದರಿಂದ ಮುಂದಿನ ಕಂತಿನ ತಾರೀಕನ್ನೂ ಬರೆದುಕೊಳ್ಳಿ. ಮಳೆ ಕೈಕೊಟ್ಟು ಭಾವ ಕಟ್ಟಲಾರದೆ ಹೋಗಿದ್ದರೆ ಕಂತಿನ ಅವಧಿ ವಿಸ್ತರಿಸಿ ಎಂದು ಅವರೇ ಅರ್ಜಿ ಕೊಡಬೇಕು, ಜೊತೆಗೆ ನೀವೂ ಹೋಗಿ ಕೂರಿ. ಜಾಮೀನಿನಿಂದ ಹೊರಬರಲು ಬೇರೆ ಜಾಮೀನುದಾರರನ್ನು ಕೊಟ್ಟು ಬ್ಯಾಂಕ್ ಒಪ್ಪಬೇಕು. ಸುಸ್ತಿ ಇರುವಾಗ ಒಪ್ಪುವುದು ಕಷ್ಟ.

ಅಷ್ಟರೊಳಗೆ ನಿಮ್ಮ ಕೈಲಾದರೆ ಸುಸ್ತಿಯಾದ ಮೊತ್ತವನ್ನಷ್ಟೇ ಕಟ್ಟಿ ಖಾತೆಯನ್ನು ಸರಿದಾರಿಗೆ ತನ್ನಿ, ಪೂರ್ತಿ ಸಾಲ ತೀರಿಸುವ ಅಗತ್ಯವಿಲ್ಲ. ಭಾವನ ಕೈಗೆ ನಗದು ಕೊಡಬೇಡಿ. ನಿಮ್ಮ ಖಾತೆಯಿಂದ ನೇರ ಟ್ರ್ಯಾಕ್ಟರ್ ಸಾಲದ ಖಾತೆಗೆ ವರ್ಗಾಯಿಸಿ, 'ಜಾಮೀನುದಾರಳಾಗಿ ಕಟ್ಟಿದ್ದು' ಎಂದು ಷರಾ ಬರೆದು ಬ್ಯಾಂಕಿನಿಂದ ರಸೀದಿ ಪಡೆಯಿರಿ. ಹಾಗೆ ಕಟ್ಟಿದ ಹಣವನ್ನು ಸಾಲಗಾರರಿಂದ ವಾಪಸ್ ಪಡೆಯುವ ಹಕ್ಕು ನಿಮಗಿದೆ, ಆ ರಸೀದಿ ಇಲ್ಲದೆ ಅದನ್ನು ಸಾಧಿಸುವುದು ಬಹಳ ಕಷ್ಟ.